ಕೆಟ್ಟ ಯೋಚನೆ ಬಂದ ಮಾತ್ರಕ್ಕೆ ಪಾಪವೇ?

ಪ್ರಶ್ನೆ: ನನಗೆ 27 ವರ್ಷ. ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದು ಕೆಲಸ ಮಾಡುತ್ತೇನೆ. ಭಾನುವಾರದ ಪೂಜೆ ತಪ್ಪಿಸುವುದಿಲ್ಲ, ತಪಸ್ಸುಕಾಲದಲ್ಲಿ ಉಪವಾಸವನ್ನೂ ಮಾಡುತ್ತೇನೆ. ಆದರೂ ರಾತ್ರಿ ಮಲಗುವಾಗ ಮೊಬೈಲಿನಲ್ಲಿ ನೋಡಬಾರದ್ದನ್ನು ನೋಡುವ ಚಟ ಬಿಡಲು ಆಗುತ್ತಿಲ್ಲ. ಪ್ರತಿ ಸಲವೂ ‘ಇನ್ನು ಯಾವತ್ತೂ ಇಲ್ಲ ಸ್ವಾಮಿ’ ಎಂದು ಆಣೆ ಮಾಡುತ್ತೇನೆ, ನಾಲ್ಕೈದು ದಿನಕ್ಕೆ ಮುರಿಯುತ್ತೇನೆ. ಜಪಸರ ಹೇಳುವಾಗಲೂ ಕೆಟ್ಟ ಯೋಚನೆ ನುಗ್ಗುತ್ತದೆ. ಯೋಚನೆ ಬಂದದ್ದೇ ಪಾಪವೇ? ದೇವರೇ ನನ್ನನ್ನು ಪರೀಕ್ಷಿಸುತ್ತಿದ್ದಾರೆಯೇ? ಇದನ್ನು ಎದುರಿಸುವುದು ಹೇಗೆ?

ಉತ್ತರ:

ಇಲ್ಲ, ಯೋಚನೆ ಬಂದದ್ದು ಪಾಪವಲ್ಲ. ನಿಮಗೆ ಸಮಾಧಾನವಾಗಲಿ ಎಂದು ಈ ಮಾತು ಹೇಳುತ್ತಿಲ್ಲ, ಧರ್ಮಸಭೆಯ ತೀರಾ ಹಳೆಯ ಬೋಧನೆಯೇ ಇದು. ಯೇಸುಸ್ವಾಮಿ ಎಲ್ಲ ವಿಷಯಗಳಲ್ಲೂ ನಮ್ಮ ಹಾಗೆಯೇ ಶೋಧನೆಗೆ, ಅಂದರೆ ಪಾಪದ ಸೆಳೆತಕ್ಕೆ, ಗುರಿಯಾದರು, ಆದರೆ ಪಾಪ ಮಾಡಲಿಲ್ಲ ಎನ್ನುತ್ತದೆ ಇಬ್ರಿಯರಿಗೆ ಬರೆದ ಪತ್ರ (4:15). ಶೋಧನೆಯೇ ಪಾಪವಾಗಿದ್ದರೆ ಆ ವಾಕ್ಯಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಈಜಿಪ್ಟಿನ ಮರುಭೂಮಿಯ ಹಿರಿಯ ಅಬ್ಬಾ ಪೊಯ್ಮೆನ್ ಅವರ ಬಳಿಗೆ ಒಬ್ಬ ಸಹೋದರ ನಿಮ್ಮದೇ ದೂರು ತಂದಿದ್ದ: ಯೋಚನೆಗಳು ಮುತ್ತಿಕೊಂಡು ಕೆಡಿಸುತ್ತಿವೆ ಎಂದು. ಹಿರಿಯರು ಅವನನ್ನು ಬಯಲಿಗೆ ಕರೆದೊಯ್ದು, ಎದೆ ಹಿಗ್ಗಿಸು, ಆದರೆ ಗಾಳಿಯನ್ನು ಒಳಕ್ಕೆ ಬಿಡಬೇಡ ಎಂದರು. ಆಗುವುದಿಲ್ಲವಲ್ಲ ಎಂದ. ಹಾಗೆಯೇ ಯೋಚನೆ ಬರುವುದನ್ನು ತಡೆಯಲೂ ಆಗುವುದಿಲ್ಲ, ಅದಕ್ಕೆ ಎದುರು ನಿಲ್ಲುವುದಷ್ಟೇ ನಿನ್ನ ಕೆಲಸ ಎಂದರು. ಅದೇ ಮರುಭೂಮಿಯಲ್ಲಿ ಬಾಳಿ 399ರಲ್ಲಿ ತೀರಿಕೊಂಡ ಸನ್ಯಾಸಿ ಇವಾಗ್ರಿಯಸ್ ಮನುಷ್ಯನನ್ನು ಕಾಡುವ ಎಂಟನ್ನು ಪಟ್ಟಿ ಮಾಡಿದರು: ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಸಿಟ್ಟು, ಜಡತೆ, ಹೊಗಳಿಕೆಯ ಹಂಬಲ, ಅಹಂಕಾರ. ಮುಂದೆ ಏಳು ಮೂಲಪಾಪಗಳೆಂದು ಹೆಸರಾದದ್ದು ಬೆಳೆದದ್ದು ಇದರಿಂದಲೇ. ಆದರೆ ಇವಾಗ್ರಿಯಸ್ ಇವನ್ನು ‘ಪಾಪಗಳು’ ಎನ್ನಲಿಲ್ಲ, ‘ಯೋಚನೆಗಳು’ ಎಂದರು. ಅವು ಬಂದು ಕಾಡುವುದು ಬಿಡುವುದು ನಮ್ಮ ಕೈಯಲ್ಲಿಲ್ಲ, ಒಳಗೆ ತಳವೂರಲು ಬಿಡುವುದು ಬಿಡದಿರುವುದು ನಮ್ಮ ಕೈಯಲ್ಲಿದೆ ಎಂದು ಬರೆದರು. ನಿಮ್ಮ ಹೋರಾಟದ ಜಾಗ ಇರುವುದು ಈ ಎರಡರ ನಡುವೆ.

ಆ ಜಾಗವನ್ನು ಇನ್ನೂ ಹತ್ತಿರದಿಂದ ನೋಡಿದವರು 7ನೆಯ ಶತಮಾನದಲ್ಲಿ ಸೀನಾಯಿ ಬೆಟ್ಟದ ಮಠಾಧಿಪತಿಯಾಗಿದ್ದ ಯೋವಾನ್ನ ಕ್ಲಿಮಾಕಸ್. ಶೋಧನೆ ಒಂದೇ ಏಟಿಗೆ ಬೀಳಿಸುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತದೆ ಎಂದು ತೋರಿಸಿದರು. ಮೊದಲು ಒಂದು ಚಿತ್ರವೋ ಮಾತೋ ಮನಸ್ಸಿಗೆ ತಟ್ಟುತ್ತದೆ. ಇದರಲ್ಲಿ ಪಾಪವಿಲ್ಲ. ಆಮೇಲೆ ನಾವು ಅದರೊಂದಿಗೆ ಮಾತಿಗೆ ನಿಲ್ಲುತ್ತೇವೆ: ‘ಸುಮ್ಮನೆ ನೋಡೋಣ, ಏನಾಗುತ್ತೆ?’ ಇಲ್ಲಿಂದ ಜವಾಬ್ದಾರಿ ಶುರು. ಮೂರನೆಯದು ಒಪ್ಪಿಗೆ, ಮನಸ್ಸು ಸಂತೋಷದಿಂದ ಹೂಂ ಎನ್ನುವ ಗಳಿಗೆ. ಅದರಾಚೆಗೆ ಸೆರೆ, ಸೆಣಸಾಟ, ಕೊನೆಗೆ ಚಟ, ಅಂದರೆ ಕರೆಯದೆಯೇ ಕೈ ತಾನಾಗಿ ಹೋಗುವ ಸ್ಥಿತಿ. ತಟ್ಟುವುದಕ್ಕೂ ಮಾತಿಗೆ ನಿಲ್ಲುವುದಕ್ಕೂ ನಡುವೆ ಇರುವುದು ಕೆಲವೇ ಕ್ಷಣ. ಅಲ್ಲಿ ಬೇಡ ಎನ್ನಲು ಬೇಕಾಗುವ ಶಕ್ತಿ ತೀರಾ ಕಡಿಮೆ. ಒಪ್ಪಿಗೆಯಾದ ಮೇಲೆ ಬೇಡ ಎನ್ನಲು ಹತ್ತು ಪಟ್ಟು ಶಕ್ತಿ ಬೇಕು. ಹೆಚ್ಚಿನವರು ಸೋಲುವುದು ಬಲ ಸಾಲದೆ ಅಲ್ಲ, ತಡವಾಗಿ ಹೋರಾಟಕ್ಕಿಳಿಯುವುದರಿಂದ.

‘ಹೆಂಗಸನ್ನು ನೋಡಿ ಮೋಹಿಸಿದರೆ ಆಗಲೇ ವ್ಯಭಿಚಾರ’ ಎಂಬ ಸ್ವಾಮಿಯ ಮಾತು (ಮತ್ತಾಯ 5:28) ನಿಮ್ಮನ್ನು ಹೆದರಿಸಿರಬಹುದು. ಅಲ್ಲಿನ ಗ್ರೀಕ್ ಮಾತಿನ ಕಟ್ಟು ‘ಮೋಹಿಸಬೇಕೆಂದೇ ನೋಡುವುದು’ ಎಂಬರ್ಥದ್ದು. ಕಣ್ಣಿಗೆ ಬಿದ್ದದ್ದರ ಬಗ್ಗೆ ಅಲ್ಲ, ಕಣ್ಣನ್ನು ಅಲ್ಲೇ ನಿಲ್ಲಿಸಿಕೊಂಡದ್ದರ ಬಗ್ಗೆ.

ಇದನ್ನೆಲ್ಲ ಒಂದು ಘಟನೆಯಲ್ಲಿ ನೋಡಬೇಕಾದರೆ 2 ಸಮುವೇಲ 11ನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಬತ್ಷೆಬೆ ಕಣ್ಣಿಗೆ ಬೀಳುವ ಮೊದಲೇ ದಾವೀದನ ಪತನ ಶುರುವಾಗಿದೆ. ಅರಸರು ಯುದ್ಧಕ್ಕೆ ಹೋಗುವ ಕಾಲದಲ್ಲಿ ಅವನು ಸೈನ್ಯವನ್ನು ಕಳಿಸಿ ತಾನು ಜೆರುಸಲೇಮಿನಲ್ಲೇ ಉಳಿದ. ಸಂಜೆ ಹಾಸಿಗೆಯಿಂದೆದ್ದು ಮಾಳಿಗೆಯ ಮೇಲೆ ತಿರುಗಾಡುತ್ತಿದ್ದ. ಕೆಲಸವಿಲ್ಲ, ಜೊತೆಯಲ್ಲಿ ಕೇಳುವವರಿಲ್ಲ. ಸ್ನಾನ ಮಾಡುತ್ತಿದ್ದ ಹೆಣ್ಣು ಕಂಡಳು. ಅಲ್ಲಿಯವರೆಗೆ ಪಾಪವಿಲ್ಲ, ಮುಖ ತಿರುಗಿಸಿ ಇಳಿದು ಹೋಗಬಹುದಿತ್ತು. ಅವನು ಅವಳು ಯಾರೆಂದು ವಿಚಾರಿಸಲು ಆಳು ಕಳಿಸಿದ. ಮಾತಿಗೆ ನಿಂತದ್ದು ಇಲ್ಲಿ. ಉತ್ತರವಾಗಿ ಬಂದದ್ದು ‘ಆಕೆ ಊರೀಯನ ಹೆಂಡತಿಯಲ್ಲವೇ?’ ಎಂಬ ಮಾತು. ದೇವರು ಇಟ್ಟ ಕೊನೆಯ ಬಾಗಿಲು ಅದು. ನಾಲ್ಕನೆಯ ವಚನದಲ್ಲಿ ಮತ್ತೆ ದೂತರನ್ನು ಕಳಿಸಿದ, ಈ ಸಲ ಕರೆತರಲು. ಅಧ್ಯಾಯ ಮುಗಿಯುವಾಗ ಊರೀಯ ಹೆಣವಾಗಿದ್ದಾನೆ. ‘ವಿಚಾರಿಸೋಣ’ ಎಂಬ ಒಂದು ಸಣ್ಣ ಹೆಜ್ಜೆ ಅಷ್ಟು ದೂರ ಕೊಂಡೊಯ್ಯಿತು.

ಈಗ ನಿಮ್ಮ ರಾತ್ರಿಯನ್ನು ಹಾಗೆಯೇ ಬಿಡಿಸಿ ನೋಡಿ. ‘ಮಲಗುವಾಗ ಮೊಬೈಲಿನಲ್ಲಿ’ ಎಂದು ಬರೆದಿದ್ದೀರಿ. ಸಾಮಾನ್ಯವಾಗಿ ಇದು ನಡೆಯುವ ಬಗೆ ಹೀಗೆ: ಹತ್ತೂವರೆಗೆ ದೀಪ ಆರಿಸಿ, ಚಾರ್ಜರ್ ವೈರು ದಿಂಬಿನವರೆಗೆ ಎಳೆದುಕೊಂಡು ರೀಲ್ಸ್ ನೋಡಲು ಶುರು. ಆಗ ಯಾವ ಕೆಟ್ಟ ಉದ್ದೇಶವೂ ಇರುವುದಿಲ್ಲ. ಹನ್ನೊಂದರ ಹೊತ್ತಿಗೆ ಒಂದು ರೀಲ್ ಹತ್ತಿರ ಹೆಬ್ಬೆರಳು ನಿಲ್ಲುತ್ತದೆ. ಮೇಲಕ್ಕೆ ತಳ್ಳುವ ಬದಲು ಎರಡನೆಯ ಸಲ ನೋಡುತ್ತೀರಿ. ಅಂಥದ್ದೇ ಇನ್ನು ಮೂರು ತಾವಾಗಿ ಬರುತ್ತವೆ. ಬಳಿಕ ಬ್ರೌಸರ್ ತೆರೆಯುತ್ತೀರಿ, ಹುಡುಕುವ ಪದ ಟೈಪ್ ಮಾಡುತ್ತೀರಿ. ‘ಸ್ವಾಮಿ, ಕಾಪಾಡು’ ಎಂದು ನೀವು ಕೂಗುವುದು ಬಹುಶಃ ಬ್ರೌಸರ್ ತೆರೆದ ಮೇಲೆ. ಆದರೆ ಹೋರಾಟ ಸುಲಭವಾಗಿದ್ದದ್ದು ವೈರನ್ನು ದಿಂಬಿನವರೆಗೆ ಎಳೆದಾಗ.

ಆದ್ದರಿಂದ ಮೊದಲ ಕೆಲಸ ಹಾಸಿಗೆಗೂ ಮೊಬೈಲಿಗೂ ಇರುವ ನಂಟು ಕಡಿಯುವುದು. ರಾತ್ರಿ ಹತ್ತಕ್ಕೆ ಅದು ಚಾರ್ಜಿಗೆ ಹೋಗಬೇಕು, ಹಾಸಿಗೆಯಿಂದ ಎದ್ದು ನಡೆಯದೆ ಕೈಗೆ ಸಿಗದ ಜಾಗಕ್ಕೆ. ಕೋಣೆಯ ಹೊರಗಾದರೆ ಇನ್ನೂ ಒಳ್ಳೆಯದು. ಅಲಾರಂ ನೆಪಕ್ಕೆ ಅದು ಮತ್ತೆ ದಿಂಬಿನ ಪಕ್ಕಕ್ಕೆ ಬರುತ್ತದೆ, ಹಾಗಾಗಿ ಸೆಲ್ ಹಾಕುವ ಸಾದಾ ಅಲಾರಂ ಗಡಿಯಾರವೊಂದನ್ನು ಕೊಂಡುಕೊಳ್ಳಿ. ಐಫೋನ್ ಆದರೆ ಸೆಟ್ಟಿಂಗ್ಸ್‌ನ ಸ್ಕ್ರೀನ್ ಟೈಮ್‌ನಲ್ಲಿ ವಯಸ್ಕರ ಜಾಲತಾಣಗಳನ್ನು ತಡೆಯುವ ಆಯ್ಕೆ ಇದೆ. ಅದರ ಪಾಸ್‌ಕೋಡನ್ನು ನೀವು ಹಾಕಬೇಡಿ, ನಂಬುವ ಗೆಳೆಯನಿಂದ ಹಾಕಿಸಿ. ಹೊಸ ಆಂಡ್ರಾಯ್ಡ್ ಫೋನ್‌ಗಳಲ್ಲಿ ಪ್ರೈವೇಟ್ ಡಿಎನ್‌ಎಸ್ ಎಂಬ ಕಡೆ ಕುಟುಂಬಗಳಿಗೆಂದೇ ಇರುವ ಸೋಸುಕ ವಿಳಾಸ ಹಾಕಿದರೆ ಬಹಳಷ್ಟು ತಾಣಗಳು ತೆರೆಯುವುದೇ ಇಲ್ಲ. ಇವೆಲ್ಲವನ್ನೂ ದಾಟಲು ದಾರಿ ಇದೆ, ನಿಜ. ಆದರೆ ದಾಟಲು ಎರಡು ನಿಮಿಷವಾದರೂ ಬೇಕು. ಆ ಎರಡು ನಿಮಿಷ ಬುದ್ಧಿಗೆ ಎಚ್ಚರಾಗಲು ಸಾಕಾಗುತ್ತದೆ.

ಆಧ್ಯಾತ್ಮಿಕ ವಿಷಯಕ್ಕೆ ಚಾರ್ಜರಿನ ಜಾಗ ಬದಲಿಸುವುದೇ ಮದ್ದೇ ಎಂದು ಅನ್ನಿಸಿದರೆ, ಯೋಸೇಫನನ್ನು ನೆನೆಯಿರಿ (ಆದಿಕಾಂಡ 39). ಪೋಟೀಫರನ ಹೆಂಡತಿ ದಿನದಿನವೂ ಕರೆಯುತ್ತಿದ್ದಳು, ಅವನು ಅವಳ ಹತ್ತಿರ ಇರುವುದನ್ನೇ ನಿರಾಕರಿಸಿದ. ಕೊನೆಗೆ ಬಟ್ಟೆ ಹಿಡಿದೆಳೆದಾಗ ಬಟ್ಟೆಯನ್ನು ಅವಳ ಕೈಯಲ್ಲೇ ಬಿಟ್ಟು ಓಡಿದ. ಅಲ್ಲಿ ನಿಂತು ಜಪ ಮಾಡಲಿಲ್ಲ. ಸಂತ ಪೌಲರು ಕಾಮದ ವಿಷಯದಲ್ಲಿ ಬಳಸುವ ಮಾತೂ ‘ಓಡಿಹೋಗಿರಿ’ ಎಂಬುದೇ (1 ಕೊರಿಂಥ 6:18). ಸೈತಾನನನ್ನು ಎದುರಿಸಿರಿ ಎಂದು ಸಂತ ಯಾಕೋಬರು ಹೇಳುವುದೂ ಸರಿಯೇ (4:7), ಆದರೆ ಕಾಮದ ವಿಷಯದಲ್ಲಿ ಎದುರಿಸುವುದೆಂದರೆ ಜಾಗ ಖಾಲಿ ಮಾಡುವುದು. ನಿಂತು ವಾದ ಮಾಡುವವನು ಸೋಲುತ್ತಾನೆ. ಏದೆನ್ ತೋಟದಲ್ಲಿ ಹವ್ವಳು ಸರ್ಪದ ಪ್ರಶ್ನೆಗೆ ಉತ್ತರ ಕೊಡಲು ನಿಂತಾಗಲೇ ದೇವರು ಹೇಳದ ‘ಮುಟ್ಟಲೂ ಬಾರದು’ ಎಂಬ ಮಾತು ಅವಳ ಬಾಯಿಂದ ಬಂತು. ವಾದದಲ್ಲಿ ನಮ್ಮ ಮಾತೇ ನಮ್ಮ ಹಿಡಿತ ತಪ್ಪುತ್ತದೆ.

ಇಷ್ಟು ಮಾಡಿಯೂ ಯೋಚನೆ ಬಂದೇ ಬರುತ್ತದೆ. ಬಂದ ಗಳಿಗೆಯಲ್ಲಿ ‘ಇದನ್ನು ಯೋಚಿಸಬಾರದು, ಯೋಚಿಸಬಾರದು’ ಎಂದು ಹಲ್ಲು ಕಚ್ಚಬೇಡಿ. ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡ ಎಂದ ಹಾಗಾಗುತ್ತದೆ. ದೇಹವನ್ನು ಅಲುಗಿಸಿ: ಎದ್ದು ಕೂತು ಎರಡೂ ಪಾದ ನೆಲಕ್ಕೆ ಊರಿ, ದೀಪ ಹಾಕಿ, ಬಂದದ್ದರ ಹೆಸರು ಹೇಳಿ: ‘ಇದು ಕಾಮದ ಯೋಚನೆ.’ ಹೆಸರಿಟ್ಟ ಕೂಡಲೇ ಅದು ನೀವಲ್ಲ, ನಿಮ್ಮ ಬಾಗಿಲು ತಟ್ಟುತ್ತಿರುವ ಬೇರೆ ಏನೋ ಎಂಬುದು ಸ್ಪಷ್ಟವಾಗುತ್ತದೆ. ಆಮೇಲೆ ಮೊದಲೇ ಬಾಯಿಪಾಠ ಮಾಡಿಟ್ಟ ಒಂದೇ ಒಂದು ವಚನವನ್ನು ಧ್ವನಿ ತೆಗೆದು ಹೇಳಿ. ರೂಮ್‌ಮೇಟ್ ಇದ್ದರೆ ತುಟಿ ಅಲುಗಿದರೂ ಸಾಕು. ಕೋಣೆಯಿಂದ ಹೊರಗೆ ಬಂದು ನೀರು ಕುಡಿಯಿರಿ, ಟೆರೇಸಿಗೋ ಕಾರಿಡಾರಿಗೋ ಹೋಗಿ ಹತ್ತು ನಿಮಿಷ ನಡೆಯಿರಿ. ಒತ್ತಡ ಅಲೆಯ ಹಾಗೆ, ಮೇಲೇರುತ್ತದೆ, ನೀವು ಏನೂ ಉಣಿಸದಿದ್ದರೆ ಇಳಿಯುತ್ತದೆ. ಏರುತ್ತಿರುವಾಗ ಅದು ಇಳಿಯುವುದೇ ಇಲ್ಲ ಅನ್ನಿಸುತ್ತದೆ. ಶೋಧನೆ ಹೇಳುವ ದೊಡ್ಡ ಸುಳ್ಳು ಅದೇ.

ವಚನ ಯಾಕೆ ಒಂದೇ, ಯಾಕೆ ಮೊದಲೇ? ಮರುಭೂಮಿಯಲ್ಲಿ ಸ್ವಾಮಿ ಮೂರು ಶೋಧನೆಗೂ ಕೊಟ್ಟ ಉತ್ತರಗಳು ಧರ್ಮೋಪದೇಶಕಾಂಡದ ಎರಡೇ ಅಧ್ಯಾಯಗಳಿಂದ ಬಂದವು: 8:3, 6:16, 6:13. ಇಸ್ರಯೇಲರು ಮರುಭೂಮಿಯಲ್ಲಿ ಸೋತ ಪಾಠಗಳನ್ನೇ ಅವರು ಮರುಭೂಮಿಯಲ್ಲಿ ನಿಂತು ಹೇಳಿದರು. ಪ್ರತಿ ಉತ್ತರವೂ ಒಂದು ವಾಕ್ಯ, ವಿವರಣೆಯಿಲ್ಲ, ಚರ್ಚೆಯಿಲ್ಲ. ಸೈತಾನನೂ 91ನೆಯ ಕೀರ್ತನೆಯನ್ನು ಉದ್ಧರಿಸಿದ ಎಂಬುದನ್ನು ಮರೆಯಬೇಡಿ. ಹಾಗಾಗಿ ವಚನವನ್ನು ಮಂತ್ರದಂತೆ ಹೇಳಿದರೆ ಸಾಲದು, ಅದು ನಿಮ್ಮ ಮನಸ್ಸಿನ ಮಾತಾಗಿರಬೇಕು. ಇವಾಗ್ರಿಯಸ್ ಆ ಎಂಟು ಯೋಚನೆಗಳಲ್ಲಿ ಯಾವುದಕ್ಕೆ ಯಾವ ವಚನ ಎಂದು ಸುಮಾರು 500 ವಚನಗಳ ಪುಸ್ತಕವನ್ನೇ ಮಾಡಿಟ್ಟಿದ್ದರು. ನಿಮಗೆ ಅಷ್ಟು ಬೇಡ. ವ್ಯರ್ಥವಾದದ್ದನ್ನು ನೋಡದಂತೆ ನನ್ನ ಕಣ್ಣುಗಳನ್ನು ತಿರುಗಿಸು ಎಂಬ 119ನೆಯ ಕೀರ್ತನೆಯ 37ನೆಯ ವಚನ ನಿಮಗೆ ಹೇಳಿ ಮಾಡಿಸಿದಂತಿದೆ. ಹಗಲಲ್ಲಿ, ಬಸ್ಸಿನಲ್ಲಿ, ಮನಸ್ಸು ತಿಳಿಯಾಗಿರುವಾಗ ಅದನ್ನು ಬಾಯಿಗೆ ಬರಿಸಿಕೊಳ್ಳಿ. ಜಪಸರದ ನಡುವೆ ಯೋಚನೆ ನುಗ್ಗಿದರೆ ಮೊದಲಿನಿಂದ ಶುರು ಮಾಡಬೇಡಿ, ಕೈಯಲ್ಲಿರುವ ಮಣಿಯಿಂದಲೇ ಮುಂದುವರಿಸಿ. ಮತ್ತೆ ಮತ್ತೆ ಶುರು ಮಾಡಿದಷ್ಟೂ ಯೋಚನೆಗೆ ಗೌರವ ಕೊಟ್ಟ ಹಾಗೆ.

ದೇಹವನ್ನೂ ಗಮನಿಸಿ. ಸೈತಾನ ಸ್ವಾಮಿಯ ಬಳಿಗೆ ಕಲ್ಲನ್ನು ರೊಟ್ಟಿ ಮಾಡು ಎಂದು ಬಂದದ್ದು ನಲವತ್ತು ದಿನ ಉಪವಾಸವಿದ್ದು ಅವರಿಗೆ ಹಸಿವಾದಾಗ. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರಲ್ಲಿ ಎರಡು ಸೇರಿದ ರಾತ್ರಿ ನೀವು ಬೀಳುವ ಸಾಧ್ಯತೆ ಹೆಚ್ಚು. ಮನೆಯವರೊಡನೆ ಫೋನಿನಲ್ಲಿ ಜಗಳವಾದ ದಿನ, ಆಫೀಸಿನಲ್ಲಿ ಬೈಸಿಕೊಂಡ ದಿನ, ರೂಮ್‌ಮೇಟ್ ಊರಿಗೆ ಹೋದ ಶನಿವಾರ. ಎಲೀಯ ಪ್ರವಾದಿ ಸಾವನ್ನು ಬೇಡಿ ಮಲಗಿದಾಗ (1 ಅರಸುಗಳು 19) ದೇವದೂತ ಬೋಧನೆ ಮಾಡಲಿಲ್ಲ, ಎರಡು ಸಲ ಎಬ್ಬಿಸಿ ಉಣ್ಣಿಸಿದ. ತಪಸ್ಸುಕಾಲದಲ್ಲಿ ಉಪವಾಸ ಮಾಡುವಾಗ ನಿದ್ದೆಗೆಡಬೇಡಿ. ಖಾಲಿ ಹೊಟ್ಟೆ, ತೆರೆದ ಕಣ್ಣು, ಕೈಯಲ್ಲಿ ಮೊಬೈಲು: ಇದು ಉಪವಾಸವಲ್ಲ, ಬಲೆ.

ಇನ್ನು ನಿಮ್ಮ ಆಣೆಯ ವಿಷಯ. ಅದನ್ನು ಇಂದೇ ಬಿಟ್ಟುಬಿಡಿ. ‘ಯಾವತ್ತೂ ಇಲ್ಲ’ ಎನ್ನುವ ಆಣೆ ತನ್ನ ಬಲದ ಮೇಲಿನ ನಂಬಿಕೆ. ಅದು ಮುರಿದಾಗ ಪಾಪದ ಜೊತೆಗೆ ಮಾತು ತಪ್ಪಿದ ಭಾರವೂ ಸೇರುತ್ತದೆ. ‘ನೀನು ಆಜ್ಞಾಪಿಸುವುದನ್ನು ಕೊಡು, ಆಮೇಲೆ ಬೇಕಾದ್ದನ್ನು ಆಜ್ಞಾಪಿಸು’ ಎಂದು ಸಂತ ಅಗಸ್ಟೀನರು ದೇವರನ್ನು ಬೇಡಿದರು. ಮನುಷ್ಯ ಮನಸ್ಸು ಮಾಡಿದರೆ ತಾನೇ ಒಳ್ಳೆಯವನಾಗಬಲ್ಲ ಎಂದು ಬೋಧಿಸುತ್ತಿದ್ದ ಪೆಲಾಜಿಯಸ್‌ಗೆ ಈ ಒಂದು ವಾಕ್ಯವನ್ನು ಸಹಿಸಲಾಗಲಿಲ್ಲ. ಸಭೆ ಅಗಸ್ಟೀನರ ಪಕ್ಕ ನಿಂತಿತು. ಕರ್ತರ ಪ್ರಾರ್ಥನೆಯಲ್ಲಿ ರೊಟ್ಟಿಯನ್ನು ಇಂದಿಗಷ್ಟೇ ಕೇಳುತ್ತೇವೆ, ಶೋಧನೆಯಿಂದ ಕಾಪಾಡು ಎಂಬುದನ್ನೂ ಹಾಗೆಯೇ ಕೇಳಿ: ‘ಈ ರಾತ್ರಿ ಕಾಪಾಡು.’

ಆಣೆಯ ಜಾಗದಲ್ಲಿ ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲಾ ಅವರ ಒಂದು ಅಭ್ಯಾಸ ಇಟ್ಟುಕೊಳ್ಳಿ. 1548ರಲ್ಲಿ ಪೋಪರ ಒಪ್ಪಿಗೆ ಪಡೆದ ಅವರ ಧ್ಯಾನದ ಕೈಪಿಡಿಯಲ್ಲಿ ಇದು ಇದೆ. ಎಲ್ಲ ದೋಷಗಳನ್ನಲ್ಲ, ಒಂದನ್ನೇ ಆರಿಸಿಕೊಳ್ಳಬೇಕು. ಬೆಳಿಗ್ಗೆ ಎದ್ದ ಕೂಡಲೇ ಅದರ ಬಗ್ಗೆ ಎಚ್ಚರವಿರುತ್ತೇನೆಂದು ನಿಶ್ಚಯಿಸಬೇಕು. ಮಧ್ಯಾಹ್ನದ ಊಟವಾದ ಮೇಲೆ ಒಮ್ಮೆ, ರಾತ್ರಿಯ ಊಟವಾದ ಮೇಲೆ ಒಮ್ಮೆ, ಎದ್ದಾಗಿನಿಂದ ಗಂಟೆ ಗಂಟೆಯಾಗಿ ನೆನೆದು, ಎಷ್ಟು ಸಲ ತಪ್ಪಿದೆನೋ ಅಷ್ಟು ಚುಕ್ಕಿ ಇಡಬೇಕು. ದಿನಕ್ಕೆ ಎರಡು ಗೆರೆ, ವಾರಕ್ಕೆ ಏಳು ಜೋಡಿ. ತಪ್ಪಿದ ಗಳಿಗೆಯಲ್ಲಿ ಎದೆಯ ಮೇಲೆ ಕೈ ಇಟ್ಟು ಪಶ್ಚಾತ್ತಾಪಪಡಬೇಕು, ಜನರ ನಡುವೆ ಇದ್ದರೂ ಯಾರಿಗೂ ತಿಳಿಯುವುದಿಲ್ಲ. ನೀವು ಚುಕ್ಕಿ ಇಡಬೇಕಾದದ್ದು ಕೊನೆಯ ಪತನಕ್ಕಲ್ಲ, ಮೊದಲ ಮೆಟ್ಟಿಲಿಗೆ: ಮೊಬೈಲ್ ಹಾಸಿಗೆಗೆ ಬಂದ ರಾತ್ರಿಗೆ, ಹೆಬ್ಬೆರಳು ನಿಂತ ರೀಲಿಗೆ. ಈ ವಾರವನ್ನು ಹೋದ ವಾರದೊಡನೆ ಹೋಲಿಸಿ. ಚುಕ್ಕಿ ಒಂಬತ್ತರಿಂದ ಆರಕ್ಕೆ ಇಳಿದಿದ್ದರೆ ಅದು ಕೃಪೆಯ ಕೆಲಸ, ದೇವರಿಗೆ ಕೃತಜ್ಞತೆ ಹೇಳಿ.

ಬಿದ್ದ ರಾತ್ರಿ ಏನು ಮಾಡಬೇಕು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಬಿದ್ದ ಬೆನ್ನಿಗೇ ಎರಡನೆಯ ಶೋಧನೆ ಬರುತ್ತದೆ, ಮೊದಲಿನದಕ್ಕಿಂತ ಅಪಾಯದ್ದು: ‘ಹೇಗೂ ಕೆಟ್ಟೆ, ಈ ರಾತ್ರಿ ಪೂರ್ತಿ ನೋಡು, ನಾಳೆ ನೋಡಿಕೊಂಡರಾಯಿತು.’ ಬೆಳಿಗ್ಗೆ ಅದೇ ದನಿ ರಾಗ ಬದಲಿಸುತ್ತದೆ: ‘ನಿನ್ನಂಥವನಿಗೆ ಜಪವೇಕೆ?’ ಎರಡೂ ಒಂದೇ ಬಾಯಿಯವು. ಸ್ವಾಮಿಯನ್ನು ಹಿಡಿದುಕೊಟ್ಟ ಯೂದನೂ ಅವರನ್ನು ಅರಿಯೆನೆಂದ ಪೇತ್ರನೂ ಒಂದೇ ರಾತ್ರಿ ಬಿದ್ದರು. ಪೇತ್ರ ಅತ್ತ, ಆದರೆ ಉಳಿದ ಶಿಷ್ಯರ ಜೊತೆಗೇ ಉಳಿದ. ಯೂದ ಒಬ್ಬನೇ ಹೋದ. ಹಾಗಾಗಿ ಬಿದ್ದ ಗಳಿಗೆಯಲ್ಲೇ ಮೊಬೈಲ್ ಆಫ್ ಮಾಡಿ, ಎದ್ದು ಮುಖ ತೊಳೆದು, ‘ಸ್ವಾಮಿ, ಪಾಪಿಯಾದ ನನ್ನನ್ನು ಕರುಣಿಸು’ ಎಂದು ಒಂದೇ ಸಲ ಹೇಳಿ ಮಲಗಿ. ದಂಡನೆಯ ಉಪವಾಸ ಬೇಡ, ನಡುರಾತ್ರಿಯ ದೀರ್ಘ ಜಪವೂ ಬೇಡ. ಬೆಳಿಗ್ಗೆ ಎಂದಿನ ಜಪವನ್ನು ಎಂದಿನ ಹೊತ್ತಿಗೆ ಮಾಡಿ.

ದೇವರೇ ಪರೀಕ್ಷಿಸುತ್ತಿದ್ದಾರೆಯೇ ಎಂದು ಕೇಳಿದಿರಿ. ಗೊಂದಲ ಪದದಲ್ಲಿದೆ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಪರೀಕ್ಷೆಗೂ ಪ್ರಲೋಭನೆಗೂ ಪೆಯಿರಾಸ್ಮೋಸ್ ಎಂಬ ಒಂದೇ ಪದ, ನಮ್ಮ ‘ಶೋಧನೆ’ಯೂ ಎರಡನ್ನೂ ಹೊತ್ತಿದೆ. ಚಿನ್ನವನ್ನು ಪುಟಕ್ಕಿಡುವವನ ಉದ್ದೇಶ ಅದರ ಶುದ್ಧಿ, ಗಾಳಕ್ಕೆ ಎರೆ ಸಿಕ್ಕಿಸುವವನ ಉದ್ದೇಶ ಮೀನಿನ ಸಾವು. ದೇವರು ಯಾರನ್ನೂ ಕೆಟ್ಟದ್ದಕ್ಕೆ ಸೆಳೆಯುವುದಿಲ್ಲ, ಪ್ರತಿಯೊಬ್ಬನನ್ನೂ ಸೆಳೆಯುವುದು ಅವನದೇ ಆಸೆ ಎನ್ನುತ್ತಾರೆ ಸಂತ ಯಾಕೋಬರು (1:13–14), ಅಲ್ಲಿ ಅವರು ಬಳಸಿದ ಕ್ರಿಯಾಪದ ಎರೆ ತೋರಿಸಿ ಹಿಡಿಯುವುದಕ್ಕೆ ಬಳಸುವಂಥದ್ದು. ಕರ್ತರ ಪ್ರಾರ್ಥನೆಯಲ್ಲಿನ ಶೋಧನೆಯ ಸಾಲು ದೇವರೇ ಶೋಧನೆಗೆ ನೂಕುತ್ತಾರೆಂಬ ಅರ್ಥ ಕೊಡಬಾರದೆಂದು ಫ್ರೆಂಚ್ ಕಥೋಲಿಕರು 2017ರಲ್ಲಿ, ಇಟಲಿಯವರು 2020ರಲ್ಲಿ ಪೂಜೆಯ ಪಾಠವನ್ನೇ ಬದಲಿಸಿದರು.

ಮತ್ತೊಂದು ಪದವನ್ನೂ ಗಮನಿಸಿ. ದೇವರು ನಿಮ್ಮ ಶಕ್ತಿಗೆ ಮೀರಿದ ಶೋಧನೆಯನ್ನು ಬರಗೊಡಿಸುವುದಿಲ್ಲ, ತಪ್ಪಿಸಿಕೊಳ್ಳುವ ದಾರಿಯನ್ನೂ ಇಡುತ್ತಾರೆ ಎಂಬ ಪೌಲರ ಮಾತನ್ನು (1 ಕೊರಿಂಥ 10:13) ಓದುವಾಗ ‘ನೀವು’ ಎಂದರೆ ನನ್ನೊಬ್ಬನಿಗೆ ಎಂದೇ ನಮಗೆ ಕೇಳಿಸುತ್ತದೆ, ಕನ್ನಡದಲ್ಲಿ ಅದು ಮರ್ಯಾದೆಯ ಮಾತೂ ಹೌದಲ್ಲ. ಮೂಲದಲ್ಲಿ ಅದು ಬಹುವಚನ, ಇಡೀ ಸಭೆಗೆ ಹೇಳಿದ್ದು. ಆ ದಾರಿ ಬಹಳ ಸಲ ಇನ್ನೊಬ್ಬ ಮನುಷ್ಯನ ರೂಪದಲ್ಲಿರುತ್ತದೆ. ಇಗ್ನೇಷಿಯಸ್ ಸೈತಾನನನ್ನು ಕಳ್ಳ ಪ್ರೇಮಿಗೆ ಹೋಲಿಸುತ್ತಾರೆ: ಹುಡುಗಿ ವಿಷಯವನ್ನು ತಂದೆಗೆ ಹೇಳಿಬಿಟ್ಟರೆ ಅವನ ಆಟ ಮುಗಿಯಿತು, ಆದ್ದರಿಂದ ಗುಟ್ಟಾಗಿಡು ಎನ್ನುತ್ತಾನೆ.

ಒಂದು ಎಚ್ಚರಿಕೆ. ಒಪ್ಪದ ಯೋಚನೆಗೂ ಮತ್ತೆ ಮತ್ತೆ ಪಾಪನಿವೇದನೆಗೆ ಓಡುವುದು, ಕ್ಷಮೆ ಸಿಕ್ಕಿತೋ ಇಲ್ಲವೋ ಎಂದು ದಿನಗಟ್ಟಲೆ ಕೊರಗುವುದು, ದೇವದೂಷಣೆಯ ಮಾತುಗಳು ತಲೆಯಲ್ಲಿ ತಿರುಗುತ್ತಲೇ ಇರುವುದು, ಇವಿದ್ದರೆ ಅದು ಪಾಪಕ್ಕಿಂತ ಮನಸ್ಸಿನ ಕಾಯಿಲೆಯಾಗಿರಬಹುದು. 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಇಗ್ನೇಷಿಯಸ್ ಇಂಥ ಅತಿಶಂಕೆಯಿಂದ ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋಗಿದ್ದರು. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಬೆಂಗಳೂರಿನಲ್ಲೇ ನಿಮ್ಹಾನ್ಸ್ ಇದೆ, 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಉಚಿತವಾಗಿ ಮಾತನಾಡಬಹುದು. ಚಟ ಕೆಲಸವನ್ನೋ ನಿದ್ದೆಯನ್ನೋ ಕೆಡಿಸುತ್ತಿದ್ದರೂ ಹಾಗೆಯೇ ಮಾಡಿ. ವೈದ್ಯರ ಬಳಿ ಹೋಗುವುದು ವಿಶ್ವಾಸದ ಕೊರತೆಯಲ್ಲ.

ಈ ವಾರವೇ ಪಾಪನಿವೇದನೆಗೆ ಹೋಗಿ. ಪ್ರತಿ ಸಲ ಗುರುತಿಲ್ಲದ ಹೊಸ ಗುರುಗಳನ್ನು ಹುಡುಕಬೇಡಿ, ಒಬ್ಬರಲ್ಲಿಗೇ ಹೋಗಿ, ನಿಮ್ಮ ಏಳುಬೀಳು ಅವರಿಗೆ ಗೊತ್ತಿರಲಿ. ಇದನ್ನು ಓದುವ ಪ್ರೊಟೆಸ್ಟೆಂಟ್ ಸಹೋದರರು ಸಭಾಪಾಲಕರನ್ನೋ ನಂಬಿಕಸ್ಥ ಹಿರಿಯರನ್ನೋ ಕಾಣಬಹುದು, ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿ ಎಂದು ಯಾಕೋಬನ ಪತ್ರವೇ (5:16) ಹೇಳುತ್ತದೆ. ಹೋದಾಗ ‘ಶುದ್ಧತೆಯಲ್ಲಿ ಸ್ವಲ್ಪ ತಪ್ಪಿದ್ದೇನೆ’ ಎಂದು ಮುಸುಕು ಹಾಕಬೇಡಿ. ‘ಫಾದರ್, ವಾರಕ್ಕೆ ಇಷ್ಟು ಸಲ, ರಾತ್ರಿ ಹನ್ನೊಂದರ ಮೇಲೆ, ಮೊಬೈಲಿನಲ್ಲಿ ಅಶ್ಲೀಲ ವಿಡಿಯೊ ನೋಡುತ್ತೇನೆ, ಇಷ್ಟು ವರ್ಷದಿಂದ. ಬಿಡಬೇಕು, ಸಹಾಯ ಬೇಕು’ ಎಂದು ನೇರವಾಗಿ ಹೇಳಿ. ಹೋಗುವ ಮುಂಚೆ ಇದನ್ನು ಚೀಟಿಯಲ್ಲಿ ಬರೆದುಕೊಂಡರೂ ಸರಿ. ಬಾಗಿಲ ಹತ್ತಿರ ಬಂದಾಗ ‘ಇವತ್ತು ಸಾಲು ಉದ್ದ ಇದೆ, ಮುಂದಿನ ವಾರ ಬರೋಣ’ ಎಂಬ ಯೋಚನೆ ತಟ್ಟುತ್ತದೆ. ಅದರೊಡನೆ ಮಾತಿಗೆ ನಿಲ್ಲದೆ ಸಾಲಿನಲ್ಲಿ ನಿಲ್ಲಿ.